ಎತ್ತಿದ ಕೈ

ಆ ಚೆಂಡಿಗೆ ಗಾಳಿ ಕಮ್ಮಿಯಾಗಿದೆ, ಕಣ್ಣು ಮುಚ್ಚಿದ್ದರೂ ಸದ್ದಲ್ಲೇ ಗೊತ್ತಾಗುತ್ತೆ, ಠಣ್ ಅನ್ನಬೇಕಾದ್ದು ಧೊಪ್ ಅಂತಿದೆ, ಯಾರೇ ಅದು, ಬಿಡು ಅದನ್ನ, ಬುಟ್ಟಿಗೆ ಹಾಕಿ ಮನೆಗೆ ನಡಿ, ಅಂದ ಕೋಚು. ಸರಿ ಅಪ್ಪಾ, ಅಂತ ಕೂಗಿ ತಂಡದ ನಾಯಕಿ ಚೆಂಡನ್ನು ನಿಂತಲ್ಲಿಂದಲೇ ಬುಟ್ಟಿಗೆಸೆದು, ಚೀಲ ಹೆಗಲಿಗೇರಿಸಿ ಓಡಿದಳು, ಅವಳ ಹಿಂದೆ ಉಳಿದ ಹುಡುಗಿಯರೂ, ಬರ್ತೀವಪ್ಪಾ, ನಾಳೆ ಬೇಗ ಬರ್ತೀವಪ್ಪಾ, ಬಾಗಿಲು ದಡಾರನೆ ಬಡಿದುಕೊಂಡಿತು, ಆಮೇಲೆ ಎಲ್ಲ ಗಪ್‌ಚಿಪ್ — ಎತ್ತರದ ಕಿಟಕಿಗಳ ಬಿಸಿಲು ಮರದ ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿದೆ, ರಬ್ಬರಿನದೂ ಬೆವರಿನದೂ ಕಲೆತ ವಾಸನೆ, ಖಾಲಿ ಬೆಂಚು, ಅವನೊಬ್ಬ, ಕೊರಳಲ್ಲಿ ಸೀಟಿ. ಅಪ್ಪಾ ಅಂತೆ. ಮೊದಮೊದಲು ಬೆನ್ನ ಹಿಂದೆ ಕೋಚಪ್ಪ ಅಂತಿದ್ದವು ಈ ಮಂಗಗಳು, ಕೇಳಿಸಿದರೂ ಕೇಳಿಸದವನ ಹಾಗಿದ್ದ, ತಂಡ ಹೋಗಿ ತಂಡ ಬಂದು, ಬಳಸೀ ಬಳಸೀ ಕೋಚು ಸವೆದುಹೋಯಿತು, ಅಪ್ಪ ಉಳಿಯಿತು. ಊರ ಹುಡುಗಿಯರಿಗೆಲ್ಲ ಅಪ್ಪ, ಸ್ವಂತ ಮಗಳಿಗೆ ಮಾತ್ರ ಸರ್. ಬೆಳಿಗ್ಗೆ ಫೋನಿನಲ್ಲೂ ಅದೇ, ಸರ್, ಹೊಸ ಕೆಲಸಕ್ಕೆ ನಾಳೆ ಹೊರಡ್ತಿದೀನಿ, ತುಂಬಾ ದೂರದ ಊರು, ಹೋಗೋ ಮುಂಚೆ ಒಂದ್ಸಲ ಬಂದು ಹೋಗ್ಲಾ — ಮನೆಗೆ ಬಾ ಮಗಳೇ ಅನ್ನಬೇಕಿತ್ತು, ಬಾಯಿಗೆ ಬಂದದ್ದು ಪ್ರಾಕ್ಟೀಸ್ ಮುಗಿದ್ಮೇಲೆ ಕಾಲೇಜಿಗೆ ಬಾ ಅಂತ, ಥೂ, ಎಂಥಾ ಬಾಯಿ ಇದು.

ನೆಲ ಒರೆಸಬೇಕು. ಒರೆಸುವ ಕೋಲನ್ನು ಎಡಗೈಯಲ್ಲಿ ಹಿಡಿದು ಹೊರಟ, ಬಲಗೈ ಬರುವುದಿಲ್ಲ, ಭುಜ ಹಿಡಿದುಕೊಂಡಿದೆ, ಕಿವಿಯವರೆಗೆ ಎತ್ತಿದರೆ ಜೀವ ಹೋದ ಹಾಗಾಗುತ್ತೆ, ಅಂಗಿಯ ತೋಳನ್ನು ಹೆಂಡತಿಯೇ ಏರಿಸುತ್ತಿದ್ದಳು, ನಿಧಾನ ರೀ, ಎಷ್ಟು ಹಟ ಈ ಕೈಗೆ, ನಿಮ್ಮ ಹಾಗೇ, ಅಂತ. ಈಗ ಅಂಗಿ ತೊಡುವುದೇ ಒಂದು ಪಂದ್ಯ, ನೋಡುವವರಿಲ್ಲ. ಅಂಚಿನ ಬಿಳಿ ಗೆರೆ ಬಂತು. ಇಲ್ಲೇ, ಮಗಳು ತಂಡಕ್ಕೆ ಆಯ್ಕೆಯಾದ ದಿನ ನಿಲ್ಲಿಸಿ ಹೇಳಿದ್ದ, ನೋಡು, ಈ ಗೆರೆ ದಾಟಿ ಒಳಗೆ ಬಂದ್ಮೇಲೆ ನಾನು ನಿಂಗೆ ಅಪ್ಪ ಅಲ್ಲ, ಸರ್, ಕೋಚಿನ ಮಗಳು ಅಂತ ಯಾರೂ ಆಡ್ಕೋಬಾರ್ದು. ಸರಿ ಸರ್, ಅಂದಳು, ಆಗಿಂದಾಗಲೇ, ಕಿಸಕ್ಕನೆ ನಕ್ಕು. ಒಳಗೆ ಬರುವ ಪಾಠ ಹೇಳಿಕೊಟ್ಟ, ಆಚೆ ಹೋಗುವ ಪಾಠ ಮರೆತೇಬಿಟ್ಟ, ಗೆರೆ ದಾಟಿ ಹೋದ್ಮೇಲೆ ಮತ್ತೆ ಅಪ್ಪ ಅನ್ನು ಅಂತ ಹೇಳಲೇ ಇಲ್ಲ, ಅದೇನು ಹೇಳಿಕೊಡುವ ವಿಷಯವೇ — ಗೆರೆ ಅವಳ ಜೊತೆಯಲ್ಲೇ ಮನೆಗೆ ಬಂತು, ಊಟದ ಮೇಜಿಗೂ ಬಂತು, ಸರ್ ನೀರು ಕೊಡಿ, ಸರ್ ಟವೆಲ್ ಎಲ್ಲಿ, ಮೊದಲು ತಮಾಷೆಗೆ, ಆಮೇಲೆ ರೂಢಿಗೆ, ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು, ಮನೆಗೆ ಮಾರಿ, ಪರರಿಗೆ ಉಪಕಾರಿ ಅಂದ್ರೆ ನೀವೇ ಕಣ್ರೀ. ಮಾರಿಯೇನಲ್ಲ ಅವನು, ಎಷ್ಟು ದೂರದ ಪಂದ್ಯವಿದ್ದರೂ ಮುಗಿಸಿ ನೇರ ಮನೆಗೇ ಬರುತ್ತಿದ್ದ, ಮಗಳ ಜಡೆಯನ್ನೂ ಬೂಟಿನ ಲೇಸನ್ನೂ ತಾನೇ ಕಟ್ಟುತ್ತಿದ್ದ, ಹೆಂಡತಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ, ಅದೆಲ್ಲ ನಿಜ, ಆದರೂ ಸರ್. ತಪ್ಪು ನಿಂದಾದ್ರೆ ವಾದ ಬೇಡ, ಮುಖ ಊದಿಸೋದು ಬೇಡ, ಕೈ ನೆಟ್ಟಗೆ ಮೇಲೆತ್ತು, ನಾನು ಹೂಂ ಅಂತ ತಲೆ ಆಡಿಸೋವರೆಗೂ ಇಳಿಸಬೇಡ — ಎಲ್ಲರಿಗೂ ಕಲಿಸಿದ್ದ, ಪೂರ್ತಿ ಎತ್ತಿದ ಕೈ ಅಂದ್ರೆ ತಪ್ಪು ನನ್ನದು, ನಾನು ಅರ್ಧ ಎತ್ತಿದ್ರೆ ಒಳಗೆ ಬರಬೇಡಿ, ಗೆರೆಯಾಚೆ ನಿಲ್ಲಿ ಅಂತ. ಮರೆತವರು ಮರೆತರು, ಅವಳು ಮರೆಯಲಿಲ್ಲ. ಒಮ್ಮೆ ಊಟಕ್ಕೆ ಕೂತು, ಇದಕ್ಕೆ ಎರಡೆರಡು ಸಲ ಉಪ್ಪು ಹಾಕಿದ್ಯಾರು, ಅಂತ ಗದರಿದ್ದೇ ತಡ, ಮೇಜಿನಾಚೆ ಮಗಳ ಕೈ ನೆಟ್ಟಗೆ ಮೇಲೆ, ಐದೂ ಬೆರಳು ಬಿಡಿಸಿ, ಮುಖ ಗಂಭೀರ, ಹೆಂಡತಿಗೆ ನಕ್ಕು ನಕ್ಕು ನೆತ್ತಿಗೇರಿತು, ಕಲಿಸೋದ್ರಲ್ಲಿ ನೀವು ಎತ್ತಿದ ಕೈ, ತಪ್ಪು ಒಪ್ಕೊಳ್ಳೋದ್ರಲ್ಲಿ ನಿಮ್ಮ ಮಗಳು ಎತ್ತಿದ ಕೈ, ನಡುವೆ ನನ್ನ ಗತಿ ಏನ್ರೀ. ಆ ನಗು ಈಗ ಮನೆಯಲ್ಲಿಲ್ಲ, ಫ್ರಿಜ್ಜಿನ ಗುಂಯ್ ಸದ್ದು ಮಾತ್ರ ಇದೆ.

ಕೈ, ಕೈ, ಬೇರೆ ಏನಾದರೂ ನೆನಪಾಗಬಾರದೇ. ಆಸ್ಪತ್ರೆಯ ಆ ಕೋಣೆ, ಹಸಿರು ಪರದೆ, ಬೆಳಿಗ್ಗೆ ಅವನ ಸರದಿ, ಮಧ್ಯಾಹ್ನ ಮಗಳದು, ಹೊರಡುವಾಗ ಹೇಳಿದ್ದ, ಅದೂ ಕೋಚಿನ ದನಿಯಲ್ಲೇ, ನಿನ್ನ ಜಾಗ ಬಿಟ್ಟು ಕದಲಬೇಡ. ಅಮ್ಮನೇ ಕೇಳಿದಳಂತೆ, ಬಾಯಿ ಒಣಗ್ತಿದೆ ಪುಟ್ಟಿ, ಒಂದು ಲೋಟ ತಣ್ಣೀರು ತಾ, ಇವಳು ವರಾಂಡದ ಕೊನೆಯ ನಲ್ಲಿಗೆ ಹೋಗಿ ತರುವಷ್ಟರಲ್ಲಿ — ಅಷ್ಟೇ. ಓಡಿ ಬಂದ ಅವನು ಕೇಳಿದ, ಹತ್ತಿರ ಯಾರಿದ್ರು. ಬೈಯಲಿಕ್ಕಲ್ಲ, ದೇವರಾಣೆ, ಹೆಂಡತಿ ಒಬ್ಬಳೇ ಹೋದಳೇನೋ ಅಂತ ಕೇಳಿದ್ದು. ಮಗಳು ಒಂದು ಕೈಯಲ್ಲಿ ಲೋಟ ಹಿಡಿದೇ ಇನ್ನೊಂದನ್ನು ಮೇಲೆತ್ತಿದಳು. ನೆಟ್ಟಗೆ. ಮತ್ತೆ ಅವನ ತಲೆ, ಹಾಳಾದ ತಲೆ, ಅಭ್ಯಾಸ ಬಲದಿಂದ ತಾನೇ ಆಡಿಬಿಟ್ಟಿತು, ಹೂಂ ಅಂತ. ಕೈ ಇಳಿಯಿತು. ಆಮೇಲೆ ಡಾಕ್ಟರು ಹೇಳಿದರು, ಪಕ್ಕದಲ್ಲೇ ಕೂತಿದ್ರೂ ಯಾರೂ ಏನೂ ಮಾಡೋಕಾಗ್ತಿರಲಿಲ್ಲ, ಅದನ್ನು ಅವಳಿಗೆ ಹೇಳೋಣ ಅಂದರೆ ಇವತ್ತು ಬೇಡ ನಾಳೆ ಅಂತ ಮುಂದಕ್ಕೆ ಹಾಕಿದ, ಅಷ್ಟರಲ್ಲಿ ಅವಳು ಬೇರೆ ರೂಮು ಹಿಡಿದು ಹೊರಟೇ ಹೋದಳು, ಕೆಲಸಕ್ಕೆ ಹತ್ತಿರ ಆಗುತ್ತೆ ಸರ್, ಅಂತ. ಇವತ್ತು ಹೇಳದಿದ್ದರೆ ಇನ್ನಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಅದು, ಎದುರಿಗೆ ನಿಂತು, ಮುಖ ನೋಡಿ, ಮಗಳೇ, ಅದು ನಿನ್ನ ತಪ್ಪಲ್ಲ ಕಣೇ, ಅಪ್ಪ ಅನ್ನು ಒಂದ್ಸಲ. ಅಷ್ಟು ಸಾಕು. ತುಂಬಿದ ಮೈದಾನದಲ್ಲಿ ಗಂಟಲು ಹರಿಯುವ ಹಾಗೆ ಕೂಗುವವನಿಗೆ ಇದ್ಯಾವ ಮಹಾ. ಮಗಳೇ, ಅದು ನಿನ್ನ — ಸೀಟಿ ಯಾವಾಗಲೋ ಬಾಯಿಗೆ ಬಂದಿದೆ, ಯೋಚನೆ ಹತ್ತಿದರೆ ಅದನ್ನು ಕಚ್ಚುವ ಚಾಳಿ, ಹಾಲು ಬಿಡದ ಮಗು ನೋಡಿ ನಮ್ಮನೇದು, ಅಂತಿದ್ದಳು ಹೆಂಡತಿ, ಸರಿ, ಇನ್ನೊಂದು ಸಲ, ಮಗಳೇ —

ಬಾಗಿಲು. ಬೆಳಕಿನಲ್ಲಿ ಯಾರೋ, ಅವಳೇ, ಬಡವಾಗಿದಾಳೆ, ಅಮ್ಮನ ನಡಿಗೆಯೇ, ಹೆಗಲಲ್ಲಿ ಚೀಲ, ಏನೋ ಹೇಳಲು ಬಾಯಿ ತೆರೆದು ಬೇಗ ಬೇಗ ಬರ್ತಿದಾಳೆ, ಅ ಅಂತಲೋ ಏನೋ, ಬಿಳಿ ಗೆರೆ ದಾಟಿದಳು, ಹೊರಗಿನ ಧೂಳಿನ ಬೂಟು, ಈಗ ತಾನೇ ಒರೆಸಿದ ನೆಲ, ಧೂಳಿನ ಒಂದು ಹೆಜ್ಜೆ, ಎರಡು — ಪೀಽಽಽ. ಯಾರು ಊದಿದ್ದು. ಅವನೇ. ಕಣ್ಣಿಗಿಂತ ಮುಂಚೆ, ಮನಸ್ಸಿಗಿಂತ ಮುಂಚೆ, ಅಯ್ಯೋ, ಇಲ್ಲ ಕಣೇ, ಬೂಟು ಹಾಳಾಗಿ ಹೋಗಲಿ, ನೆಲ ಹಾಳಾಗಿ ಹೋಗಲಿ — ಅವಳು ಅಲ್ಲೇ ನಿಂತಳು, ತೆರೆದ ಬಾಯಿ ಮುಚ್ಚಿತು, ಕೈ ಮೇಲೆ ಹೋಯಿತು. ನೆಟ್ಟಗೆ, ಐದೂ ಬೆರಳು ಬಿಡಿಸಿ. ತಲೆ ಆಡಿಸಬೇಡ, ಈ ಸಲ ಸತ್ತರೂ ತಲೆ ಆಡಿಸಬೇಡ, ಮಾತಾಡು, ಸೀಟಿ ಉಗುಳು, ಉಗುಳಿದ, ಗಾಳಿ ಬರುತ್ತೆ, ಮಾತು ಬರೋಲ್ಲ, ಸರಿ, ಮಾತು ಬೇಡ, ಅವಳಿಗೆ ತಿಳಿಯುವ ಭಾಷೆ ಒಂದಿದೆಯಲ್ಲ, ತಪ್ಪು ನನ್ನದು ಅಂತ ಹೇಳುವ ಭಾಷೆ, ಬಲಗೈ ಎತ್ತಿದ, ಎದೆಯವರೆಗೆ, ಭುಜದವರೆಗೆ, ಏಳು, ಇದೊಂದು ಸಲ ಏಳು, ಕಿವಿಯವರೆಗೆ — ಅಲ್ಲಿಗೆ ನಿಂತಿತು. ಅರ್ಧ. ಮಗಳು ಅದನ್ನು ನೋಡಿದಳು. ಸರಿ ಸರ್, ಅಂದಳು ಮೆಲ್ಲಗೆ, ಇಟ್ಟ ಹೆಜ್ಜೆ ಹಿಂದೆ ತೆಗೆದುಕೊಂಡು ಗೆರೆಯಾಚೆ ನಿಂತಳು, ಕೈ ಇಳಿಸಲಿಲ್ಲ, ಇವನು ಇನ್ನೂ ತಲೆ ಆಡಿಸಿಲ್ಲವಲ್ಲ, ಬಿಸಿಲಿನ ಚೌಕದೊಳಗೆ ಆ ಕೈ, ಐದು ಬೆರಳು, ಆ ಕೈ