ಸಂಜೆಯ ಅಳತೆ

ಮಾರ್ಚ್ ಹನ್ನೊಂದು, ಸಂಜೆ ಐದು ಗಂಟೆ ಹತ್ತು ನಿಮಿಷ. ಮೈದಾನದ ಅಂಚಿನ ತೇಗದ ಕಂಬಕ್ಕೆ ಬೆನ್ನು ಆನಿಸಿ ಇನ್ನಾಸಪ್ಪ ನಿಂತಿದ್ದ. ಅವನ ತಲೆಯ ಮೇಲೊಂದು ಹಲಗೆಯ ತುಂಡು. ಏಣಿ ಹತ್ತಿದ್ದ ನಾನು ಅದನ್ನು ಒತ್ತಿ ಹಿಡಿದು, ಅದರ ಅಡಿಗೆ ಸರಿಯಾಗಿ ಕಂಬದ ಮೇಲೆ ಗೆರೆ ಎಳೆಯಬೇಕಿತ್ತು.

ಬಿ.ಎಸ್ಸಿ. ಮುಗಿಸಿದ್ದ ನಾನು ಆಗ ಸಾಹುಕಾರ್ ಚಿನ್ನಬಸಪ್ಪನವರ ಬ್ಯಾಸ್ಕೆಟ್‌ಬಾಲ್ ಕಂಪನಿಯಲ್ಲಿ ಆಟದ ಗಡಿಯಾರ ನೋಡುವ ಕೆಲಸದಲ್ಲಿದ್ದೆ; ಓದಿದವನೆಂದು ಎಲ್ಲರೂ ನನ್ನನ್ನು ಮೇಷ್ಟ್ರು ಎನ್ನುತ್ತಿದ್ದರು. ಗೋಣಿತಟ್ಟಿನ ಬೇಲಿ ಕಟ್ಟಿ, ಟಿಕೆಟ್ ಇಟ್ಟು, ಸಂಬಳದ ಆಟಗಾರರನ್ನು ಆಡಿಸುವ ಹೊಸ ವ್ಯಾಪಾರ ಅದು. ಅಂದಿನ ನಿಯಮದಂತೆ ಪ್ರತಿ ಬುಟ್ಟಿಯ ನಂತರವೂ ಚೆಂಡು ಅಂಗಳದ ನಡುವೃತ್ತಕ್ಕೆ ಮರಳುತ್ತಿತ್ತು. ಎರಡೂ ತಂಡಗಳ ಸೆಂಟರ್‌ಗಳು ಅದಕ್ಕಾಗಿ ಎದುರುಬದುರು ಎಗರಬೇಕಿತ್ತು. ಎಗರಿ ಗೆದ್ದವನದೇ ಆಟ. ನಮ್ಮಲ್ಲಿ ವರ್ಷಗಳಿಂದ ಗೆಲ್ಲುತ್ತಿದ್ದವನು ಇನ್ನಾಸಪ್ಪ. ಅವನು ಇಗರ್ಜಿಗೆ ಹೋಗುವವನಾದರೂ ಜನ ಅವನನ್ನು ಕರೆಯುತ್ತಿದ್ದುದು ಗರುಡಗಂಬ ಎಂದೇ.

ಆ ವರ್ಷ ದೊರೆಸಾಮಿ ಬಂದ. ಎಳೆಯ ಮೈ, ಹೆಚ್ಚುಕಡಿಮೆ ಅಷ್ಟೇ ಎತ್ತರ, ಅರ್ಧ ಸಂಬಳ ಸಾಕೆಂದವನು. ಇನ್ನಾಸಪ್ಪ ಅವನನ್ನು ತಮ್ಮನಂತೆ ಹಚ್ಚಿಕೊಂಡು ತನ್ನ ಗುಟ್ಟನ್ನೂ ಹೇಳಿಕೊಟ್ಟ.

"ತಮ್ಮಾ, ಮನುಷ್ಯ ಬೆಳಿಗ್ಗೆ ಉದ್ದ, ಸಂಜೆ ಗಿಡ್ಡ. ಮ್ಯಾಚಿನ ದಿನ ಮಧ್ಯಾಹ್ನ ಹಲಗೆ ಮೇಲೆ ಅಂಗಾತ ಮಲಗು. ಕಳಕೊಂಡಿದ್ದು ವಾಪಸ್ ಬರ್ತದೆ."

"ಹೋಗಣ್ಣೋ! ನಾನೇನು ಕಲ್ಲು ಕಟ್ಟಿ ಉದ್ದ ಮಾಡೋಕೆ ಪಡವಲಕಾಯಾ?"

ಇನ್ನಾಸಪ್ಪನ ಮಾತು ಸುಳ್ಳಾಗಿರಲಿಲ್ಲ. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಗಳು ದಿನದ ಭಾರಕ್ಕೆ ನೀರು ಬಿಟ್ಟು ಕುಗ್ಗುತ್ತವೆ. ಮಲಗಿದರೆ ಮತ್ತೆ ಹಿಗ್ಗುತ್ತವೆ.

ಅರ್ಧ ಸಂಬಳದವನಿಗಾಗಿ ಇನ್ನಾಸಪ್ಪನನ್ನು ಸುಮ್ಮನೆ ತೆಗೆದರೆ ಜನ ಬೇಲಿ ಕಿತ್ತಾರು ಎಂದು ಸಾಹುಕಾರರಿಗೆ ಗೊತ್ತಿತ್ತು. "ಉದ್ದ ಇರೋನು ಸೆಂಟರ್. ಮ್ಯಾಚಿಗೆ ಮುಂಚೆ ಎಲ್ಲರೆದುರು ಅಳೀರಿ ಮೇಷ್ಟ್ರೇ," ಎಂದರು. ಇನ್ನಾಸಪ್ಪ ನಕ್ಕು ಒಪ್ಪಿದ.

ಅಳತೆಯ ದಿನ ಬೆಳಿಗ್ಗೆ ಅವರು ಅವನ ಹೆಗಲ ಮೇಲೆ ಕೈಯಿಟ್ಟರು. "ಕೂಲಿಯೋರು ಕೈಕೊಟ್ರು ಕಣೋ ಇನ್ನಾಸಪ್ಪಾ. ಜನ ಕೂರೋ ಗ್ಯಾಲರಿ ದಿಮ್ಮಿ ನೀನೇ ಹೊತ್ತು ಹಾಕ್ಬೇಕು. ಮಾನ ಉಳಿಸು."

ಹಾಗೆ ಕೇಳಿದರೆ ಅವನು ಇಲ್ಲ ಎನ್ನುವವನಲ್ಲ. ಬಿಸಿಲೇರುತ್ತ ದಿಮ್ಮಿ ಹೊರುತ್ತಲೇ ಇದ್ದ. ಮಧ್ಯಾಹ್ನ ನಾನು ಗಡಿಯಾರಕ್ಕೆಂದು ಆಟಗಾರರ ಬಿಡಾರಕ್ಕೆ ಹೋದರೆ ಇನ್ನಾಸಪ್ಪನ ಹಲಗೆಯ ಮೇಲೆ ದೊರೆಸಾಮಿ ಅಂಗಾತ ಮಲಗಿದ್ದ, ಕಣ್ಣು ತೆರೆದುಕೊಂಡೇ.

"ನಿದ್ದೆ ಬರಲಿಲ್ವೇನಯ್ಯಾ?"

"ನಿದ್ದೆಗಲ್ಲ ಮೇಷ್ಟ್ರೇ. ಅಣ್ಣ ಹೇಳಿಕೊಟ್ಟಂಗೆ," ಎಂದ. "ಸಾವ್ಕಾರ್ರಿಗೂ ಹೇಳಿದ್ದೆ. ಅವರೇ ಮಲಗು ಅಂದ್ರು."

ಬಿಡಾರದ ಹಿಂದೆ ಬೇವಿನ ನೆರಳಲ್ಲಿ ಕೂಲಿಯವರೆಲ್ಲ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು.

ಓಡಿ ಹೋಗಿ ಇನ್ನಾಸಪ್ಪನಿಗೆ ಎಲ್ಲ ಹೇಳಿದೆ. "ಅಳತೆ ನಾಳೆಗೆ ಹಾಕಿಸು."

ದಿಮ್ಮಿ ಇಳಿಸದೆಯೇ ಅವನೆಂದ: "ಬಿಡಿ ಮೇಷ್ಟ್ರೇ. ಒಂದು ದಿನದ ಹೊರೆಗೆ ಗರುಡಗಂಬ ಕುಸೀತದಾ?"

ಸಂಜೆ ದೊರೆಸಾಮಿಯ ಗೆರೆ ಮೊದಲೇ ಆರು ಅಡಿ ಐದು ಇಂಚಿಗೆ ಬಿದ್ದಿತ್ತು. ಇನ್ನಾಸಪ್ಪ ಕಂಬಕ್ಕೆ ಒರಗಿ ಕುತ್ತಿಗೆಯನ್ನು ಎಳೆದೆಳೆದು ನಿಂತ. ಅವನು ಉಸಿರು ಬಿಗಿಹಿಡಿಯುವವರೆಗೂ ಕಾದೆ. ಗೆರೆ ಕೆಳಗೇ ಬಿತ್ತು. ಎರಡರ ನಡುವೆ ಒಂದು ಉಗುರಿನಷ್ಟೂ ಜಾಗವಿರಲಿಲ್ಲ.

"ಸೆಂಟರ್ ಬನಿಯನ್ ಬಿಚ್ಚು. ಜನ ಕಾಯ್ತಾವ್ರೆ," ಎಂದರು ಸಾಹುಕಾರರು.

ಬೆವರಿಗೆ ಅಂಟಿದ್ದ ಬನಿಯನ್ನನ್ನು ಅವನು ಕಿತ್ತು ಕೊಟ್ಟ. ದೊರೆಸಾಮಿ ಅದನ್ನು ಹಿಂಡಿ ತೊಟ್ಟುಕೊಂಡ. ಮೊದಲ ನೆಗೆತಕ್ಕೇ ಚೆಂಡು ಅವನ ಕೈಗೆ ಬಂತು. "ಗರುಡಗಂಬ! ಗರುಡಗಂಬ!" ಎಂದು ಗ್ಯಾಲರಿ ಎದ್ದು ನಿಂತಿತು. ಇನ್ನಾಸಪ್ಪ ಹೊತ್ತು ಹಾಕಿದ್ದ ದಿಮ್ಮಿಗಳು ಕುಣಿದವು.

ಮರುದಿನ ಬೆಳಕು ಹರಿಯುವಾಗ ಇನ್ನಾಸಪ್ಪನೇ ನನ್ನನ್ನು ಎಬ್ಬಿಸಿ ಕಂಬದ ಬಳಿ ಕರೆದೊಯ್ದ. ಅಳೆದೆ. ಸಾಹುಕಾರರನ್ನು ಕೂಗಿದೆ. ಬೇವಿನ ಕಡ್ಡಿ ಜಗಿಯುತ್ತ ಬಂದ ಅವರು ಹೊಸ ಗೆರೆಯನ್ನು ನಿಧಾನವಾಗಿ ನೋಡಿದರು.

"ಹೌದಲ್ಲ, ಇವನೇ ಉದ್ದ," ಎಂದು ಉಗುಳಿದರು. "ಆದ್ರೆ ಮೇಷ್ಟ್ರೇ, ಆಟ ನಡೆಯೋದು ಸಂಜೆಗಲ್ವಾ? ಇನ್ನಾಸಪ್ಪಾ, ದಿಮ್ಮಿ ಗಾಡಿಗೆ ಹೇರು. ಮುಂದಿನೂರಿಗೆ ಹೊರಡ್ಬೇಕು."

ಅವರು ಹೋದ ಮೇಲೂ ಇನ್ನಾಸಪ್ಪ ಕಂಬ ಬಿಟ್ಟು ಸರಿಯಲಿಲ್ಲ. ತಲೆಯ ಮೇಲಿನ ಹಲಗೆ ಬಿದ್ದೀತೆಂಬಂತೆ ನೆಟ್ಟಗೆ ನಿಂತೇ ಇದ್ದ.

"ಎಷ್ಟಂದ್ರಿ ಮೇಷ್ಟ್ರೇ?"

"ಆರು ಅಡಿ ಐದೂವರೆ ಇಂಚು."