ಲಾಂಡ್ರಿ ಅಕ್ಕನ ಕಾಲು

ನೆಲಕ್ಕೆ ಹೊಸದಾಗಿ ವಾರ್ನಿಷ್ ಹೊಡೆಸಿದ್ದಾರೆ, ವಾಸನೆ ಮೂಗಿಗೆ ಅಡರುತ್ತಿದೆ, ಚೆನ್ನಾಗಿಯೂ ಇದೆ, ಮೇಲಿನ ದೀಪಗಳೆಲ್ಲ ಬಾಸ್ಕೆಟ್‌ಬಾಲ್ ಕೋರ್ಟಿನ ನೆಲದೊಳಗೆ ತಲೆಕೆಳಗಾಗಿ ನಿಂತಿವೆ, ಹುಡುಗಿಯರ ಬೂಟುಗಳು ಕೀಚ್ ಕೀಚ್ ಅನ್ನುತ್ತಿವೆ, ಈ ಸದ್ದು ಕಿವಿಗೆ ಬಿದ್ದರೆ ಸಾಕು ಅವಳಿಗೆ ವಾರದ ದಣಿವೆಲ್ಲ ಇಳಿದುಹೋಗುತ್ತದೆ — ಆದರೆ ಇವತ್ತು ಕಾಲಿಗೆ ಏನೋ ಹಗುರ, ಏನನ್ನೋ ಮರೆತು ಬಂದ ಹಾಗೆ, ಹೌದು, ಬಟ್ಟೆಯ ಚಪ್ಪಲಿ, ಬೇಕೆಂದೇ ಮೆಟ್ಟಿಕೊಂಡು ಬಂದದ್ದು, ಮರದ ಹಿಮ್ಮಡಿಯ ಜೋಡು ಅಂಗಡಿಯಲ್ಲೇ ಇದೆ, ಪ್ರೆಸ್ ಯಂತ್ರದ ಕೆಳಗೆ. ಬನ್ನಿ ಅಕ್ಕಾ, ಜಾಗ ಹಿಡಿದಿಟ್ಟಿದೀನಿ, ಎಂದು ಪೋಸ್ಟ್‌ಮಾಸ್ಟರು ಪಕ್ಕಕ್ಕೆ ಸರಿದರು, ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಗ್ಯಾಲರಿಗೆಲ್ಲ ಪೋಸ್ಟ್‌ಮಾಸ್ಟರೇ, ಅವಳೂ ಅಷ್ಟೇ, ಎಲ್ಲರ ಬಾಯಲ್ಲಿ ಲಾಂಡ್ರಿ ಅಕ್ಕ, ಸ್ವಂತ ಹೆಸರಿಟ್ಟು ಕೂಗಿದರೆ ತಿರುಗಿ ನೋಡುವುದೂ ಅನುಮಾನ. ಇವತ್ತು ಯಾರ ಕಡೆ ಅಕ್ಕಾ? ಎಂದು ಕಣ್ಣು ಮಿಟುಕಿಸುತ್ತಾರೆ ಬೇರೆ. ಜಾಗ ಇರೋ ಕಡೆ, ಎಂದು ಕೂತಳು, ಕೂತು ಮೊದಲು ಎಡಗಡೆ ನೋಡಿದಳು, ಅಲ್ಲಿ ಬೆಂಚಿನ ತುದಿಯಲ್ಲಿ ಬೂದು ಅಂಗಿಯ ಮೇಷ್ಟ್ರು, ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್, ಅವರಿಗೆ ಕೋಚ್ ಅನ್ನುವ ಹೆಸರು ಯಾಕೋ ಅಂಟಲೇ ಇಲ್ಲ. ಬಲಗಡೆ ನೋಡಬಾರದು ಅಂದುಕೊಂಡೇ ನೋಡಿದಳು, ಹೊರಗಿನಿಂದ ಬಂದ ತಂಡದ ಬೆಂಚು, ಅದರ ಮುಂದೆ ಕೈ ಕಟ್ಟಿ ನಿಂತ ಅವಳ ಮಗಳು, ಆಚೆ ಊರಿನ ಕಾಲೇಜಿನ ಕೋಚ್, ಸಣ್ಣಗಾಗಿದ್ದಾಳೆ, ಊಟ ಸರಿಯಾಗಿ ಮಾಡುತ್ತಾಳೋ ಇಲ್ಲವೋ, ಅಂಗಿಗೆ ಇಸ್ತ್ರಿ ಚೆನ್ನಾಗಿ ಬಿದ್ದಿದೆ, ಯಾರ ಹತ್ತಿರ ಮಾಡಿಸುತ್ತಾಳೋ.

ಮೇಷ್ಟ್ರನ್ನು ಅವಳು ಮೊದಲು ಕಂಡದ್ದು ಅಂಗಿಯಾಗಿ. ಬೂದು ಬಣ್ಣದ ಅರ್ಧ ತೋಳಿನದು, ಎರಡನೇ ಗುಂಡಿ ಇಲ್ಲ, ಹೊಲಿದು ಕಳಿಸಿದರೆ ಮುಂದಿನ ವಾರ ಮತ್ತೆ ಇಲ್ಲ, ಈ ಮನುಷ್ಯ ಗುಂಡಿ ತಿಂತಾನೇನ್ರೀ ಎಂದು ಗಂಡನನ್ನು ಕೇಳಿದ್ದಳು, ಅವನು ಬಾಯ್ಲರಿನಿಂದ ತಲೆಯೆತ್ತದೆ ತಂಡ ಸೋತಿರ್ಬೇಕು ಬಿಡೇ ಅಂದಿದ್ದ, ಸೋಲಿಗೂ ಗುಂಡಿಗೂ ಏನು ಸಂಬಂಧ ಎಂದು ನೋಡಲೇ ಒಂದು ಶನಿವಾರ ಈ ಗ್ಯಾಲರಿ ಹತ್ತಿದ್ದು, ನೋಡಿದರೆ ಮನುಷ್ಯ ಪಂದ್ಯದುದ್ದಕ್ಕೂ ಆ ಗುಂಡಿಯನ್ನು ಹಿಡಿದು ತಿರುಚುತ್ತಲೇ ಇದ್ದಾರೆ, ಬಾಯಲ್ಲಿ ಒಂದು ಬೈಗುಳ ಇಲ್ಲ, ರೆಫರಿ ತಪ್ಪು ತೀರ್ಪು ಕೊಟ್ಟರೆ ತಲೆಯೆತ್ತಿ ಮೇಲಿನ ಮಾಡು ನೋಡುತ್ತಾರೆ, ಮಾಡಿನಲ್ಲಿ ನ್ಯಾಯ ನೇತುಹಾಕಿದ ಹಾಗೆ, ಅವಳು ಅವತ್ತು ಹೊಟ್ಟೆ ಹುಣ್ಣಾಗುವಂತೆ ನಕ್ಕು ಮನೆಗೆ ಬಂದಳು, ಮುಂದಿನ ಶನಿವಾರ ಯಾರೂ ಕರೆಯದೆ ಮತ್ತೆ ಹೋದಳು, ಹುಚ್ಚು ಹಿಡಿಯುವುದು ಹೀಗೆಯೇ ಇರಬೇಕು. ಆಮೇಲೆ ತಂಡದ ಜರ್ಸಿಗಳೂ ಅವಳ ಅಂಗಡಿಗೇ ಬರತೊಡಗಿದವು, ಬೆಳಿಗ್ಗೆ ಒಗೆದವನ್ನು ಕೊಡಲು ಹೋದಾಗ ಬಾಗಿಲಲ್ಲಿ ನಿಂತು ಅಭ್ಯಾಸ ನೋಡುವುದು, ಹೊಸ ಹುಡುಗಿಯರು ಬಂದ ಮೊದಲ ವಾರ ಚೆಂಡೇ ಇಲ್ಲ, ಬರೀ ಕಾಲು, ಮಂಡಿ ಬಗ್ಗಿಸಿ ಈ ಗೋಡೆಯಿಂದ ಆ ಗೋಡೆಗೆ ಅಡ್ಡಡ್ಡ ಜಾರುವುದು, ಕಾಲು ಮೊದಲು, ಕೈ ಆಮೇಲೆ, ಬಾಯಿ ಬೇಡವೇ ಬೇಡ, ಎಂದು ಮೇಷ್ಟ್ರು, ಒಬ್ಬಳು ಚೆಂಡು ಕೊಡದಿದ್ದರೆ ಆಡೋದು ಹೇಗೆ ಸಾರ್ ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು, ಮೇಷ್ಟ್ರು ತಡೆಯಲೂ ಇಲ್ಲ, ಮಾರನೆಯ ದಿನ ಮುಖ ಊದಿಸಿಕೊಂಡು ಬಂದು ಸಾಲಿನಲ್ಲಿ ನಿಂತಳು, ಅವಳೇ ಮುಂದೆ ನಾಯಕಿ. ಸಾಕ್ಸ್ ಮಾತ್ರ ಲಾಂಡ್ರಿಗೆ ಹಾಕುವ ಹಾಗಿಲ್ಲ, ಜರ್ಸಿ ಕಾಲೇಜಿನದು, ಸಾಕ್ಸ್ ನಿಮ್ಮದು, ನಿಮ್ಮ ಕಾಲಿನ ಬೆವರು ನೀವೇ ಒಗೀರಿ ಅನ್ನುವುದು ಮೇಷ್ಟ್ರ ಕಾನೂನು, ಯಾರಾದರೂ ಕಳ್ಳತನದಲ್ಲಿ ಜರ್ಸಿಯೊಳಗೆ ಸುತ್ತಿ ತೂರಿಸಿದರೆ ಅವಳು ಒಗೆಯದೆ ಹಾಗೇ ಮಡಿಸಿ ವಾಪಸ್ಸು ಕಳಿಸುತ್ತಿದ್ದಳು, ಅವಳೂ ತಂಡದವಳೇ ಅಲ್ಲವೇ. ಸೋತ ವರ್ಷಗಳೂ ಇದ್ದವು, ಒಂದು ವರ್ಷ ಅಂತೂ ಗೆಲುವು ಅನ್ನುವುದು ಎಲ್ಲಿದೆ ಎಂದು ಹುಡುಕಬೇಕಿತ್ತು, ಮೇಷ್ಟ್ರನ್ನು ತೆಗೀತಾರಂತೆ ಎಂದು ಊರೆಲ್ಲ ಗುಸುಗುಸು, ಆಗ ಅವರು ಅಂಗಡಿಗೆ ಬಂದು ಕೌಂಟರಿಗೆ ಒರಗಿ, ಅಕ್ಕಾ, ಗುಂಡಿ ಸ್ವಲ್ಪ ಗಟ್ಟಿಯಾಗಿ ಹೊಲೀರಿ, ಈ ವರ್ಷ ಉದ್ದ ಇದೆ, ಅಂದರು, ಅಷ್ಟೇ, ಅದೊಂದೇ ಮಾತು, ಅವಳಿಗೆ ಆವತ್ತು ಆ ಮನುಷ್ಯನ ಮೇಲೆ ಬಂದ ಪ್ರೀತಿ ಮತ್ತೆ ಇಳಿಯಲೇ ಇಲ್ಲ, ಸ್ವಂತ ಅಣ್ಣನ ಮೇಲೂ ಅಷ್ಟು ಬಂದಿರಲಿಲ್ಲ, ಅಣ್ಣನೂ ಅಷ್ಟಕ್ಕಷ್ಟೇ ಬಿಡಿ.

ಆ ಉದ್ದದ ವರ್ಷವೇ ಅವಳ ಕಾಲು ಎದ್ದದ್ದು. ಎದುರು ತಂಡಕ್ಕೆ ಫ್ರೀ ಥ್ರೋ ಸಿಕ್ಕಿತ್ತು, ಅಂದರೆ ಒಬ್ಬ ಹುಡುಗಿ ಗೆರೆಯ ಮೇಲೆ ಒಂಟಿಯಾಗಿ ನಿಂತು ಬುಟ್ಟಿಗೆ ಹಾಕುವುದು, ಯಾರೂ ಅಡ್ಡ ಬರುವ ಹಾಗಿಲ್ಲ, ನೋಡುತ್ತ ಕೂರುವುದೊಂದೇ ದಾರಿ, ಅವಳಿಗೆ ಕೂತಿರಲಾಗಲಿಲ್ಲ, ದಿನವಿಡೀ ಪ್ರೆಸ್ ಯಂತ್ರದ ಪೆಡಲ್ ಒತ್ತುವ ಬಲಗಾಲು ತಾನಾಗಿ ಎದ್ದು ಹಲಗೆಗೆ ಧಡ್ ಎಂದು ಬಿತ್ತು, ಮತ್ತೆ ಧಡ್, ಹಿಂದಿನ ಸಾಲಿನವರು ಹಿಡಿದರು, ಮೇಲಿನ ಸಾಲಿನವರು ಹಿಡಿದರು, ಇಡೀ ಮರದ ಗ್ಯಾಲರಿ ಗುಡುಗಿತು, ಆ ಹುಡುಗಿಯ ಚೆಂಡು ರಿಂಗಿಗೂ ತಾಗಲಿಲ್ಲ, ಪಂದ್ಯ ಮುಗಿದ ಮೇಲೆ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು, ಅದು ಯಾರ ಕಾಲು? ಎಂದು ಕೇಳಿದರು, ನಂದೇ ಸಾರ್, ತಪ್ಪಾಯ್ತಾ? ಎಂದಳು, ತಪ್ಪಾ? ಬಿಡಬೇಡಿ ಅಕ್ಕಾ, ಅಂದರು. ಅಂದಿನಿಂದ ಅದು ಪದ್ಧತಿ, ಅವಳ ಕಾಲು ಮೊದಲು ಬೀಳಬೇಕು, ಆಮೇಲೆಯೇ ಉಳಿದವರದು, ಅವಳು ತಡಮಾಡಿದರೆ ಮೇಷ್ಟ್ರು ಕೆಳಗಿನಿಂದ ಹುಬ್ಬು ಹಾರಿಸುತ್ತಾರೆ. ಮಗಳು ಇದೇ ಸದ್ದಿನಲ್ಲಿ ಬೆಳೆದಳು, ಇದೇ ಮೇಷ್ಟ್ರ ಕೈಕೆಳಗೆ ನಾಲ್ಕು ವರ್ಷ ಆಡಿದಳು, ಆಡಿದಳು ಅನ್ನುವುದಕ್ಕಿಂತ ಬೆಂಚು ಕಾಯ್ದಳು ಅನ್ನಬೇಕು, ಆದರೆ ಮೇಷ್ಟ್ರು ಪಕ್ಕದಲ್ಲೇ ಕೂರಿಸಿಕೊಂಡು, ಏನ್ ಕಾಣ್ತು ಹೇಳು, ಈಗ ಏನ್ ಕಾಣ್ತು, ಎಂದು ಕೇಳಿ ಕೇಳಿ ಅವಳಿಗೊಂದು ಕಣ್ಣು ಕೊಟ್ಟರು, ಆ ಕಣ್ಣೇ ಈಗ ಆಚೆ ಕಾಲೇಜಿನ ಕೋಚ್, ಅವರ ತಂಡ ಇಲ್ಲಿಗೆ ಬರುತ್ತಿರುವುದು ಇದೇ ಮೊದಲು. ಹೋದ ವಾರ ಫೋನು, ಅಮ್ಮಾ, ಬಸ್ಸು ನೇರ ಕಾಲೇಜಿಗೇ, ಮನೆಗೆ ಪಂದ್ಯ ಆದ್ಮೇಲೆ ಬರ್ತೀನಿ — ಆಮೇಲೆ ಗಂಟಲು ಸರಿಮಾಡಿಕೊಂಡು, ಈ ಸಲನೂ ತುಳೀತೀಯಾ? ನೋಡೋಣ ಅಂದಳು ಇವಳು, ನೋಡೋಣ ಅಲ್ಲಮ್ಮಾ, ನಂಗೆ ಗೊತ್ತಾಗ್ಬೇಕು, ತುಳೀತೀಯೋ ಇಲ್ವೋ? ನೋಡೋಣ ಅಂದ್ನಲ್ಲೇ. ಅಷ್ಟಕ್ಕೆ ಫೋನು ಇಟ್ಟದ್ದು, ವಾರವಿಡೀ ಅದನ್ನೇ ಮೆಲುಕು ಹಾಕಿದ್ದು, ಬೇಡ ಅಂತಿದಾಳೆ ಕಣೇ, ಬಾಯಿಬಿಟ್ಟು ಹೇಳೋಕೆ ಸಂಕೋಚ ಪಾಪ, ಎಂದು ಗಂಡ, ಅವನ ಮಾತು ಯಾವತ್ತೂ ಕಿವಿಗೆ ಹಾಕಿಕೊಳ್ಳದವಳು ಈ ಸಲ ಹಾಕಿಕೊಂಡಳು. ಅತ್ತ ಅಂಗಿ ಒಯ್ಯಲು ಬಂದ ಮೇಷ್ಟ್ರು, ಮಗಳು ಅಂತ ಕೈಕೊಡಬಾರದು ಅಕ್ಕಾ, ಎಂದು ನಗುನಗುತ್ತಲೇ ಹೇಳಿ ಹೋದರು. ನಗುತ್ತಾ ಹೇಳಿದರೂ ಹೇಳಿದ್ದು ಹೇಳಿದ್ದೇ. ಸಾವಿರ ಕಾಲಿನ ನಡುವೆಯೂ ಮಗಳು ಅಮ್ಮನ ಕಾಲಿನ ಸದ್ದು ಗುರುತು ಹಿಡಿಯುತ್ತಾಳೆ, ತನ್ನ ಹುಡುಗಿಯರನ್ನು ಹೆದರಿಸಲು ಮೊದಲು ಎದ್ದ ಕಾಲು ಹೆತ್ತ ತಾಯಿಯದು ಎಂದು ಅವಳಿಗೆ ಅನ್ನಿಸಬಾರದು, ಅದಕ್ಕೇ ಬಟ್ಟೆಯ ಚಪ್ಪಲಿ, ಅದಕ್ಕೇ ಈಗ ಕಾಲಿನ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತಿರುವುದು.

ಪಂದ್ಯ ಚೆನ್ನಾಗಿದೆ, ಅದನ್ನು ಒಪ್ಪಿಕೊಳ್ಳಲೇಬೇಕು, ಮಗಳ ಹುಡುಗಿಯರು ಮಂಡಿ ಬಗ್ಗಿಸಿ ಅಡ್ಡಡ್ಡ ಜಾರುವುದು ನೋಡಿದರೆ ಯಾರ ಪಾಠ ಎಂದು ಕೇಳಬೇಕಾಗಿಲ್ಲ, ಇವರು ಹಾಕಿದರೆ ಅವರೂ ಹಾಕುತ್ತಾರೆ, ಇವರು ಕಿತ್ತುಕೊಂಡರೆ ಅವರೂ ಕಿತ್ತುಕೊಳ್ಳುತ್ತಾರೆ, ಅವಳಿಗೆ ಎರಡೂ ಕಡೆಗೂ ವಾಹ್ ಅನ್ನಬೇಕೆನಿಸಿ ಒಂದು ಕಡೆಗೂ ಅನ್ನದೆ ಸೆರಗು ಹಿಂಡಿಕೊಂಡಳು, ಹಾಗೆ ನೋಡಿದರೆ ಇಂಥ ಸುಖದ ಸಂಕಟ ಎಷ್ಟು ಜನಕ್ಕೆ ಸಿಗುತ್ತದೆ, ಎರಡೂ ಕಡೆಯವರು ತನ್ನವರೇ. ಒಂದೇ ವಿಚಿತ್ರ, ಮಗಳ ತಂಡದವರು ಫ್ರೀ ಥ್ರೋ ಹಾಕಲು ನಿಂತಾಗಲೆಲ್ಲ ತಪ್ಪುತ್ತಿದ್ದಾರೆ, ಗ್ಯಾಲರಿ ಅವಳ ಕಾಲಿಗೆ ಕಾದು ಕಾದು ಮೌನವಾಗಿ ಕೂತಿದೆ, ಮೇಷ್ಟ್ರು ಹುಬ್ಬು ಹಾರಿಸಿ ಹಾರಿಸಿ ಸೋತು ಕೊನೆಗೆ, ಹೋಗಲಿ ಬಿಡಿ ತಾಯಿಕರುಳು, ಅನ್ನುವ ಹಾಗೆ ಕೈಯಾಡಿಸಿದರು, ಸೂಜಿ ಬಿದ್ದರೂ ಕೇಳಬೇಕು, ಆದರೂ ಆ ಹುಡುಗಿಯರು ಹಾಕಿದ್ದೆಲ್ಲ ರಿಂಗಿಗೆ ಬಡಿದು ಹೊರಗೆ, ಹಾಕುವ ಮುನ್ನ ಅತ್ತಿತ್ತ ನೋಡುತ್ತಾರೆ, ಯಾರನ್ನೋ ಹುಡುಕಿದ ಹಾಗೆ, ಅಷ್ಟು ಒಳ್ಳೆಯ ಮೌನ ಮಾಡಿಕೊಟ್ಟರೂ ಇವಕ್ಕೇನು ಬಂತು ದೊಡ್ಡ ರೋಗ, ಎಂದು ಅವಳಿಗೆ ಒಳಗೊಳಗೇ ಸಿಟ್ಟು. ಈಗ ಕೊನೆಯ ಗಳಿಗೆ. ಮಗಳ ತಂಡ ಒಂದೇ ಒಂದು ಅಂಕ ಹಿಂದೆ, ಅವರಲ್ಲಿ ಎಲ್ಲರಿಗಿಂತ ಗಿಡ್ಡದೊಂದು ಹುಡುಗಿ ಚೆಂಡು ಹಿಡಿದು ನುಗ್ಗಿ ಬಿದ್ದಳು, ಸೀಟಿ, ಫೌಲ್, ಎರಡು ಫ್ರೀ ಥ್ರೋ, ಅಯ್ಯೋ ದೇವರೇ ಅಂದರು ಪೋಸ್ಟ್‌ಮಾಸ್ಟರು, ಗಿಡ್ಡಿ ಗೆರೆಯ ಮೇಲೆ ನಿಂತಳು, ಇಡೀ ಗ್ಯಾಲರಿಯ ಕತ್ತು ಲಾಂಡ್ರಿ ಅಕ್ಕನ ಕಡೆ ತಿರುಗಿತು, ಅವಳು ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡಳು, ಇಲ್ಲ, ಏಳಬಾರದು, ಗಿಡ್ಡಿಯೂ ಕತ್ತೆತ್ತಿ ಗ್ಯಾಲರಿಯಲ್ಲಿ ಯಾರನ್ನೋ ಹುಡುಕಿದಳು, ಹಾಕಿದಳು, ಚೆಂಡು ಬುಟ್ಟಿಯ ಹಿಂದಿನ ಹಲಗೆಗೆ ಬಡಿದು ಆಚೆ ಹೋಯಿತು. ಉಳಿದದ್ದು ಒಂದು, ಅದು ಬಿದ್ದರೆ ಅಂಕ ಸಮ. ಆಗ ಆ ಮೌನದಲ್ಲಿ ಮಗಳ ಗಂಟಲು, ಅಂಗಡಿಯ ಹಿಂದಿನಿಂದ ಊಟಕ್ಕೆ ಕೂಗುತ್ತಿದ್ದ ಅದೇ ಗಂಟಲು, ಅಮ್ಮಾ! ತುಳಿಯಮ್ಮಾ!

ಏನಂದಳು? ತುಳಿಯಮ್ಮಾ, ನೀನು ತುಳಿದೇ ತುಳೀತೀಯ ಅಂತ ವಾರದಿಂದ ಬೆಂಚು ಕುಟ್ಕೊಂಡೇ ಫ್ರೀ ಥ್ರೋ ಹಾಕ್ಸಿದೀನಿ, ಸದ್ದಿಲ್ದಿದ್ರೆ ಇವರಿಗೆ ಕೈಯೇ ಏಳ್ತಿಲ್ಲ! — ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ, ಮೊದಲು ಅರ್ಥವಾದದ್ದು ಮೇಷ್ಟ್ರಿಗೆ, ಛಂಗನೆ ಎದ್ದು ಎರಡೂ ಕೈ ಎತ್ತಿ, ಅಕ್ಕಾ, ಬೇಡ! ಸುಮ್ನೆ ಕೂತ್ಕೊಳ್ಳಿ ಅಕ್ಕಾ, ಹೀಗೇ ಚೆನ್ನಾಗಿದೆ! ಎಂದು ಕೂಗಿದರು, ಇಷ್ಟು ಕಾಲ ಹುಬ್ಬು ಹಾರಿಸಿ ತುಳಿಸಿದ ಮನುಷ್ಯ, ಗ್ಯಾಲರಿ ಗೊಳ್ಳೆಂದಿತು, ಪೋಸ್ಟ್‌ಮಾಸ್ಟರು ಕಣ್ಣೊರೆಸಿಕೊಳ್ಳುತ್ತಾ ನಕ್ಕರು, ರೆಫರಿ ಚೆಂಡನ್ನು ಗಿಡ್ಡಿಯ ಕೈಗೆ ಕೊಟ್ಟಾಯಿತು, ಹಾಗಾದರೆ ಫೋನಿನಲ್ಲಿ ಕೇಳಿದ್ದು ಬೇಡ ಅಂತಲ್ಲ, ಅಮ್ಮ ತುಳಿದೇ ತುಳಿಯುತ್ತಾಳೆ ಎಂದು ಲೆಕ್ಕ ಹಾಕಿ, ಅದಕ್ಕೆ ಹುಡುಗಿಯರನ್ನು ತಯಾರು ಮಾಡಿ, ಅದನ್ನೇ ನೆಚ್ಚಿಕೊಂಡು ಬಂದಿದ್ದಾಳೆ, ಮತ್ತು ಇತ್ತ ಅಮ್ಮ ಬಟ್ಟೆಯ ಚಪ್ಪಲಿ ಹಾಕಿ ಮಗಳ ಸೋಲು ಕಾಯುತ್ತಾ ಕೂತಿದ್ದಾಳೆ, ಅಯ್ಯೋ ನನ್ನ ಬುದ್ಧಿಗಿಷ್ಟು, ಗಂಡನ ಮಾತು ಕೇಳಿದರೆ ಹೀಗೇ — ಮೇಷ್ಟ್ರೇ, ಕ್ಷಮಿಸಿ, ಇವತ್ತೊಂದು ದಿನ, ಚಪ್ಪಲಿ ಕಿತ್ತು ಬಿಸಾಡಿದಳು, ಎದ್ದಳು, ಬರಿಗಾಲು ಹಲಗೆಗೆ ಬಿತ್ತು, ಧಡ್, ಹಿಮ್ಮಡಿ ಉರಿಯಿತು, ಉರಿಯಲಿ, ಧಡ್, ಪೋಸ್ಟ್‌ಮಾಸ್ಟರು ಹಿಡಿದರು, ಹಿಂದಿನ ಸಾಲು ಹಿಡಿಯಿತು, ಯಾರ ಪರ ತುಳಿಯುತ್ತಿದ್ದೇವೆ ಎಂಬ ಪರಿವೆಯಿಲ್ಲದೆ ಇಡೀ ಗ್ಯಾಲರಿ ಗುಡುಗತೊಡಗಿತು, ಗೆರೆಯ ಮೇಲೆ ಗಿಡ್ಡಿಯ ಹೆಗಲು ಸಡಿಲವಾಯಿತು, ಮಂಡಿ ಬಗ್ಗಿತು, ಚೆಂಡು ಕೈಬಿಟ್ಟು ಮೇಲೆ ಹೋಯಿತು, ಎಲ್ಲರೂ ಚೆಂಡು ನೋಡುತ್ತಿದ್ದಾರೆ, ಮೇಷ್ಟ್ರು ಚೆಂಡು ನೋಡುತ್ತಿದ್ದಾರೆ, ಮಗಳು ಚೆಂಡು ನೋಡುತ್ತಿಲ್ಲ, ಚೆಂಡಿಗೆ ಬೆನ್ನು ಹಾಕಿ ನಿಂತು ಮೇಲೆ ನೋಡುತ್ತಿದ್ದಾಳೆ, ನಾಲ್ಕು ವರ್ಷ ಈ ಕೋರ್ಟಿನ ಬೆಂಚಿನಲ್ಲಿ ಕೂತು ಅಮ್ಮನ ಕಡೆ ಒಂದು ಸಲವೂ ತಿರುಗದಿದ್ದವಳು, ಬರೀ ಜಡೆಯನ್ನೇ ತೋರಿಸಿದವಳು, ಮೇಲೆ ನೋಡುತ್ತಿದ್ದಾಳೆ, ಧಡ್, ಚೆಂಡು ಏನಾಯಿತೋ, ಮಗಳು ಮೇಲೆ ನೋಡುತ್ತಿದ್ದಾಳೆ, ಅಮ್ಮನ ಬರಿಗಾಲನ್ನೇ ನೋಡುತ್ತಾ ನಗುತ್ತಿದ್ದಾಳೆ, ಧಡ್, ಮೇಲೆ ನೋಡುತ್ತಿದ್ದಾಳೆ.