ಆ ಬೇಜಾರಲ್ಲ

ಮಕ್ಕಳ ಮನಸ್ಸು ಚೆನ್ನಾಗಿರಬೇಕೆಂದು ಶಾಲೆ ತೀರ್ಮಾನಿಸಿದ್ದು ಆ ವರ್ಷ. ಅಲ್ಲಿಯವರೆಗೆ ಅದು ಹೇಗಿತ್ತೆಂದು ಯಾರೂ ವಿಚಾರಿಸಿರಲಿಲ್ಲ. ಪ್ರತಿ ತರಗತಿಯ ಬಾಗಿಲ ಪಕ್ಕ ಒಂದು ಹಲಗೆ ಬಂತು. ಅದರ ಮೇಲೆ ಮೂರು ಮುಖ: ಬಹಳ ಖುಷಿ, ಖುಷಿ, ಬೇಜಾರು. ಒಳಗೆ ಬರುವ ಮಗು ತನ್ನ ಹೆಸರಿನ ಕ್ಲಿಪ್ಪನ್ನು ಯಾವುದಾದರೂ ಮುಖದ ಕೆಳಗೆ ಸಿಕ್ಕಿಸಬೇಕು. ಬಟ್ಟೆ ಒಣಹಾಕುವ ಕ್ಲಿಪ್ಪು. ಮನಸ್ಸನ್ನು ಹಿಂಡಿ ನೇತುಹಾಕಲು ಅದಕ್ಕಿಂತ ಒಳ್ಳೆಯ ಸಾಧನ ಸಿಗಲಾರದು.

ವಿಜ್ಞಾನದ ಮೇಷ್ಟ್ರಿಗೆ ಈ ಏರ್ಪಾಡು ಬಹಳ ಹಿಡಿಸಿತು. ಅವರದು ಮೃದು ಮನಸ್ಸು. ಹಾಗೆಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಕೋಲು ಹಿಡಿದವರಲ್ಲ, ದನಿ ಏರಿಸಿದವರಲ್ಲ. ಮಕ್ಕಳು ತಮ್ಮನ್ನು ‘ಜೋಗುಳ ಮೇಷ್ಟ್ರು’ ಎನ್ನುವುದು ಕಿವಿಗೆ ಬಿದ್ದ ದಿನ ಅವರ ಕಣ್ಣು ತುಂಬಿ ಬಂದಿತ್ತು. “ತಾಯಿ ಸ್ಥಾನ ಕೊಟ್ಟಿದಾರೆ ಕಣೇ” ಎಂದು ಹೆಂಡತಿಗೆ ಹೇಳಿದರು. ಅವರು ಮನೆಯಲ್ಲಿ ಪಾಠ ಅಭ್ಯಾಸ ಮಾಡುವುದನ್ನು ಕೇಳಿದ್ದ ಹೆಂಡತಿ ಮಾತು ಬದಲಿಸಿದರು.

ಅವರ ತರಗತಿಯ ಕ್ಲಿಪ್ಪುಗಳೆಲ್ಲ ಬಹಳ ಖುಷಿಯಲ್ಲಿದ್ದವು, ಒಂದನ್ನು ಬಿಟ್ಟು. ಮೂರನೇ ಬೆಂಚಿನ ಹುಡುಗಿ, ಬಸ್ ಕಂಡಕ್ಟರಮ್ಮನ ಮಗಳು, ದಿನವೂ ತಪ್ಪದೆ ಬೇಜಾರಿಗೇ ಸಿಕ್ಕಿಸುತ್ತಿದ್ದಳು.

ಮೇಷ್ಟ್ರು ಬೆಣ್ಣೆಯಂತೆ ಕರಗಿಹೋದರು. ಅವಳಿಗಾಗಿ ಪಾಠವನ್ನು ಇನ್ನಷ್ಟು ನಿಧಾನ ಮಾಡಿದರು. ಪುಸ್ತಕದ ಸಾಲನ್ನು ಎರಡು ಸಲ ಓದುತ್ತಿದ್ದವರು ಮೂರು ಸಲ ಓದತೊಡಗಿದರು. ಅವಳು ಕೈ ಎತ್ತಿದರೆ, “ಬೇಡ ಮಗೂ, ಆಯಾಸ ಮಾಡ್ಕೋಬೇಡ” ಎಂದು ಇಳಿಸಿಬಿಡುತ್ತಿದ್ದರು. ಕ್ಲಿಪ್ಪು ಮಾತ್ರ ಕದಲಲಿಲ್ಲ.

ಶಾಲೆಯ ಮುಖ್ಯಸ್ಥೆ ದೊಡ್ಡ ಮೇಡಂ ಕೊನೆಗೆ ಮೇಷ್ಟ್ರನ್ನು ಕರೆಸಿದರು.

“ಪಾಪ, ಆ ಮಗೂಗೆ ವಿಜ್ಞಾನ ಹೊರೆ ಆಗಿದೆ. ಸೋಮವಾರದಿಂದ ಹಗುರ ವಿಭಾಗಕ್ಕೆ ಹಾಕೋಣ. ತಾಯಿಗೆ ಹೇಳಿ ಕಳ್ಸಿದೀನಿ, ಈಗ ಬರ್ತಾರೆ. ಅಂದ ಹಾಗೆ, ಇದನ್ನ ಗುರುತಿಸಿದವರು ನೀವು. ಈ ಸಲದ ‘ಅಂತಃಕರಣದ ಶಿಕ್ಷಕ’ ಫಲಕ ನಿಮಗೇ.”

ಹಗುರ ವಿಭಾಗದಲ್ಲಿ ದುಃಖಿತ ಮಕ್ಕಳು ಜೇಡಿಮಣ್ಣಿನಲ್ಲಿ ಬಾತುಕೋಳಿ ಮಾಡುತ್ತ ದೀರ್ಘವಾಗಿ ಉಸಿರಾಡುತ್ತಿದ್ದರು. ಅಲ್ಲಿಗೆ ಹೋದವರು ವರ್ಷ ಮುಗಿಯುವವರೆಗೆ ಮರಳಿದ್ದಿಲ್ಲ.

ಮೇಷ್ಟ್ರು ಹೊರಬಂದರೆ ಮೊಗಸಾಲೆಯಲ್ಲಿ, ಬಾಗಿಲಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಹುಡುಗಿ ಅಡ್ಡ ನಿಂತಿದ್ದಳು.

“ಸಾರ್, ನನ್ನ ಅಲ್ಲಿಗೆ ಹಾಕ್ಬೇಡಿ. ಅಲ್ಲಿ ವಿಜ್ಞಾನನೇ ಇಲ್ಲ.”

“ಅದಕ್ಕೇ ಹಾಕ್ತಿರೋದು ಮಗೂ. ನಿಂಗೆ ಬೇಜಾರು ಅಲ್ವಾ?”

“ಹ್ಞೂಂ ಸಾರ್.”

“ಅಳು ಬರುತ್ತಾ?”

“ಇಲ್ಲ ಸಾರ್, ನಿದ್ದೆ ಬರುತ್ತೆ. ನಿಮ್ಮ ಪೀರಿಯಡ್ಡಲ್ಲಿ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಚೊಕ್ಕಟವಾಗಿಯೇ ಇತ್ತು.

“ಬೇಜಾರು ಅಂದ್ರೆ... ಆ ಬೇಜಾರಾ?”

“ಇನ್ಯಾವ್ದು ಸಾರ್? ಪುಸ್ತಕದಲ್ಲಿರೋದನ್ನೇ ಓದ್ತೀರ. ಅದನ್ನ ಕೊಟ್ಟ ವಾರನೇ ನಾನು ಓದಿ ಮುಗ್ಸಿದೀನಿ.”

“ಮತ್ತೆ ಬೇರೆಯವ್ರೆಲ್ಲ ಬಹಳ ಖುಷಿ ಅಂತ ಹಾಕ್ತಾರಲ್ಲ?”

“ಅವ್ರಿಗೆ ನಿದ್ದೆ ಆಗುತ್ತೆ ಸಾರ್. ನಂಗೆ ಬರುತ್ತೆ, ಆಗಲ್ಲ.”

ದುಃಖಕ್ಕೂ ಬೇಜಾರು, ಬೋರಿಗೂ ಬೇಜಾರು, ಸಿಟ್ಟಿಗೂ ಬೇಜಾರು. ಇಷ್ಟು ದುಡಿಯುವ ಪದವನ್ನು ಒಂದೇ ಅಳುಮುಖದ ಕೆಳಗೆ ಕೂರಿಸಿದ ಮೇಲೆ ಅದು ಇನ್ನೇನು ಮಾಡೀತು? ಜೋಗುಳ ಎಂಬ ಹೆಸರಿನ ಅರ್ಥವೂ ಆಗಲೇ, ತಡವಾಗಿ, ಮೇಷ್ಟ್ರಿಗೆ ಹೊಳೆಯಿತು.

ಅಷ್ಟರಲ್ಲಿ ಕಂಡಕ್ಟರಮ್ಮ ಸಮವಸ್ತ್ರದಲ್ಲೇ ಬಂದು ಮೇಡಂ ಎದುರು ಕುಳಿತರು. ಮೇಷ್ಟ್ರೂ ಹಿಂದೆಯೇ ಒಳಗೆ ಬಂದು ಕುಳಿತರು.

“ಬೇಗ ಹೇಳಿ ತಾಯಿ, ಬಸ್ಸು ನಿಂತಿದೆ. ನನ್ನ ಮಗಳಿಗೇನಂತೆ?”

“ಗಾಬರಿ ಆಗ್ಬೇಡಿ. ಆಳವಾದ ಬೇಜಾರು.”

“ಮನೇಲಿ ಕುಣೀತಿರ್ತಾಳಲ್ಲ!”

“ಅದೇ ಲಕ್ಷಣ. ಒಳಗೆ ಮುಚ್ಚಿಟ್ಕೊಂಡಿದಾಳೆ.”

ತಾಯಿಯ ಮುಖ ಸಣ್ಣಗಾಯಿತು. “ನಾನು ಡ್ಯೂಟಿ ಡ್ಯೂಟಿ ಅಂತ ಹೋಗ್ಬಿಡ್ತೀನಿ, ಅದಕ್ಕೇ ಇರ್ಬೇಕು...”

ಮೇಷ್ಟ್ರು ಬಾಯಿ ಹೊಲಿದುಕೊಂಡು ಕೂರಬಹುದಿತ್ತು. ಫಲಕಕ್ಕೆ ಮನೆಯ ಗೋಡೆಯಲ್ಲಿ ಜಾಗವೂ ಇತ್ತು. ಹುಡುಗಿ ಬಾತುಕೋಳಿ ಮಾಡಿಕೊಂಡು ಇರುತ್ತಿದ್ದಳು. ಕೈ ಎತ್ತುವವರು ತರಗತಿಯಲ್ಲಿ ಯಾರೂ ಉಳಿಯುತ್ತಿರಲಿಲ್ಲ.

“ಮೇಡಂ, ಅದು ಆ ಬೇಜಾರಲ್ಲ” ಎಂದರು.

“ಮತ್ಯಾವ ಬೇಜಾರು?”

“ಅದು ಒಂಥರಾ... ಸಾಮಾನ್ಯ ಬೇಜಾರು.”

“ಬೇಜಾರಲ್ಲೂ ಆರ್ಡಿನರಿ, ಎಕ್ಸ್‌ಪ್ರೆಸ್ ಅಂತ ಇದೆಯಾ ಮೇಷ್ಟ್ರೇ?” ಎಂದರು ಕಂಡಕ್ಟರಮ್ಮ. “ಸರಿಯಾಗಿ ಹೇಳಿ, ನಂಗೆ ಎದೆ ಹೊಡ್ಕೋತಿದೆ.”

“ನನ್ನ ಪಾಠ ಬೋರು ಅಮ್ಮಾ” ಎಂದರು ಮೇಷ್ಟ್ರು, ವೃತ್ತಿಜೀವನದಲ್ಲಿ ಮೊದಲ ಬಾರಿ ದನಿ ಏರಿಸಿ. “ನಿಮ್ಮ ತಪ್ಪೇನೂ ಇಲ್ಲ. ನಿಮ್ಮ ಮಗಳು ಚೆನ್ನಾಗಿದಾಳೆ. ನಾನೇ ಚೆನ್ನಾಗಿಲ್ಲ.”

ಕಂಡಕ್ಟರಮ್ಮ ಉಸಿರು ಬಿಟ್ಟು, “ಇಷ್ಟಕ್ಕೆ ನನ್ನ ಟ್ರಿಪ್ಪು ಕೆಡಿಸಿದ್ರಾ?” ಎಂದು ಎದ್ದು ಹೊರಟೇಬಿಟ್ಟರು.

ದೊಡ್ಡ ಮೇಡಂ ಬಹಳ ಹೊತ್ತು ಯೋಚಿಸಿದರು. ಸಮಸ್ಯೆಯ ಬೇರು ಅವರಿಗೆ ಸಿಕ್ಕಿತು: ‘ಬೇಜಾರು’ ಎಂಬ ಪದವನ್ನು ಎಲ್ಲ ಹಲಗೆಗಳಿಂದ ಕಿತ್ತುಹಾಕಲು ಆಜ್ಞೆಯಾಯಿತು. ಫಲಕ ಸಂಗೀತದ ಟೀಚರಿಗೆ ಹೋಯಿತು.

ಹುಡುಗಿ ಹೊರಗೆ ಕಾಯುತ್ತಿದ್ದಳು.

“ಏನಾಯ್ತು ಸಾರ್?”

“ನೀನು ನಮ್ಮ ಕ್ಲಾಸಲ್ಲೇ ಇರ್ತೀಯ.”

ಅವಳ ಮುಖ ಅರಳಿತು. “ನೀವು?”

“ನಾನೂ ಅಲ್ಲೇ ಇರ್ತೀನಿ.”

“ಓ” ಎಂದಳು. ಅರಳಿದ ಮುಖ ಸ್ವಲ್ಪ ಯೋಚನೆಗೆ ಬಿತ್ತು. “ಹಾಗಾದ್ರೆ ಸಾರ್, ಇನ್ಮೇಲೆ ನಾನು ಪ್ರಶ್ನೆ ಕೇಳ್ಬಹುದಾ?”

“ಕೇಳು” ಎಂದರು ಮೇಷ್ಟ್ರು, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದವರ ದನಿಯಲ್ಲಿ.